ಬೀದರಿಗೆ ಸಲ್ಲುವ ಜುಮುಕಿ ಹೊಸೂರಿಗೆ ಸಲ್ಲದು!

ರೇಷ್ಮೆ ದಾರ ಸುತ್ತಿದ ಬಳೆ, ಕಾಗದದ ಪಟ್ಟಿಗಳನ್ನು ಸುರುಳಿ ಮಾಡಿ ಕಟ್ಟಿದ ಜುಮುಕಿ. ಮನೆಗೆಲಸದ ನಡುವೆ ಇವನ್ನು ತಯಾರಿಸುವ ಮಹಿಳೆಯರಿಗೆ ಆನ್‌ಲೈನ್ ಮಾರುಕಟ್ಟೆ ದೊಡ್ಡ ಆಸೆ ಹುಟ್ಟಿಸಿದೆ. ಆದರೆ ಆ ಮಾರುಕಟ್ಟೆಗೂ ರಾಜ್ಯದ ಗಡಿ ಅಡ್ಡ ನಿಂತಿದೆ.

2017ರಲ್ಲಿ ಜಾರಿಯಾದ ಜಿಎಸ್‌ಟಿ ಕಾಯ್ದೆಯು, ಇ-ವಾಣಿಜ್ಯ ತಾಣಗಳ ಮೂಲಕ ಸರಕು ಮಾರುವವರಿಗೆ ವಹಿವಾಟು ಎಷ್ಟೇ ಅಲ್ಪವಾಗಿರಲಿ ನೋಂದಣಿಯನ್ನು ಕಡ್ಡಾಯಗೊಳಿಸಿತ್ತು. ಬೀದಿಯ ಅಂಗಡಿಗೆ 2019ರಿಂದ ದೊರೆತ 40 ಲಕ್ಷ ರೂ. ವಹಿವಾಟಿನವರೆಗಿನ ವಿನಾಯಿತಿಯೂ ಇವರಿಗೆ ಅನ್ವಯಿಸಲಿಲ್ಲ. 2023ರ ಅಕ್ಟೋಬರ್ 1ರಿಂದ ಈ ಬಿಗಿ ಸಡಿಲಗೊಂಡಿತಾದರೂ, ಮಾರಾಟ ರಾಜ್ಯದೊಳಗೆ ಮಾತ್ರ ನಡೆಯಬೇಕೆಂಬ ಷರತ್ತು ಬಂದಿತು. ಹೀಗಾಗಿ ನೋಂದಣಿಯಿಲ್ಲದ ಬೆಂಗಳೂರಿನ ಕುಶಲಕರ್ಮಿ ತಾಣದ ಮೂಲಕ ದೂರದ ಬೀದರಿಗೆ ಜುಮುಕಿ ಕಳುಹಿಸಬಹುದು. ಅತ್ತಿಬೆಲೆ ದಾಟಿದೊಡನೆ ಸಿಗುವ ಹೊಸೂರಿಗೆ ಕಳುಹಿಸುವಂತಿಲ್ಲ.

ಸೋಜಿಗದ ಸಂಗತಿ ಇನ್ನೊಂದಿದೆ. ಕರಕುಶಲ ವಸ್ತುಗಳನ್ನು ಹೊರ ರಾಜ್ಯಕ್ಕೆ ನೇರವಾಗಿ ಮಾರುವ ಸಣ್ಣವರಿಗೆ 2018ರ ಅಧಿಸೂಚನೆಯೊಂದು ನೋಂದಣಿಯಿಂದ ವಿನಾಯಿತಿ ನೀಡಿದೆ. ಕೈಯಿಂದ ಮಾಡಿದ ಕೃತಕ ಆಭರಣವೂ ಆ ಪಟ್ಟಿಯಲ್ಲಿದೆ. ಅಲ್ಲಿಯೂ ಪ್ಯಾನ್ ಸಂಖ್ಯೆ ಬೇಕು. ನೂರು ರೂಪಾಯಿಯ ಓಲೆಗೂ ಇ-ವೇ ಬಿಲ್ ಬೇಕು! ಆದರೂ ಫೋನಿನಲ್ಲಿ ಕೇಳಿದ ಗ್ರಾಹಕರಿಗೆ ದೊರೆಯುವ ವಸ್ತು, ತಾಣದಲ್ಲಿ ಕೇಳಿದವರಿಗೆ ದೊರೆಯದೆನ್ನುವುದರಲ್ಲಿ ತರ್ಕ ಕಾಣದು.

ನೋಂದಣಿ ಮಾಡಿಸಿಕೊಂಡರಾಯಿತಲ್ಲ ಎನ್ನುವುದು ಸುಲಭ. ಮಾರಾಟವೇ ಇಲ್ಲದ ಅವಧಿಗೂ ರಿಟರ್ನ್ ಸಲ್ಲಿಸಬೇಕು, ಲೆಕ್ಕಿಗರಿಗೆ ಶುಲ್ಕ ತೆರಬೇಕು. ವಾಸ ಬಾಡಿಗೆ ಮನೆಯಲ್ಲಾದರೆ ವ್ಯಾಪಾರದ ವಿಳಾಸಕ್ಕೆ ಕರಾರು ಪತ್ರ ಅಥವಾ ಮಾಲೀಕರ ಒಪ್ಪಿಗೆ ಒದಗಿಸಬೇಕು. ಮೊಳೆ ಹೊಡೆಯಲೂ ಬಿಡದ ಮಾಲೀಕರಿಂದ ಅದನ್ನು ಪಡೆಯುವುದು ಹೇಗೆ?