ರೂಪ ಬೇರೆ, ನಾದ ಬೇರೆ

ಹೊಸ ರೂಪದ ವಸ್ತುವನ್ನು ಕಂಡೊಡನೆ ನಗುವುದು ಲೋಕರೂಢಿ. ಹೊಳಲ್ಕೆರೆಯಂತಹ ಊರಿನ ಮನೆಯೊಂದಕ್ಕೆ ಮಗನು ಬೆಂಗಳೂರಿನಿಂದ ಗಿಟಾರೊಂದನ್ನು ತಂದನೆನ್ನೋಣ. ಅದು ಕಾರ್ಖಾನೆಯದಲ್ಲ, ಕುಶಲಿಯೊಬ್ಬನು ಕೈಯಾರೆ ಮಾಡಿದುದು. ಸೊಂಟವಿಲ್ಲದ ಒಡಲು, ನಡುವೆ ಇರಬೇಕಾದ ನಾದರಂಧ್ರ ಹೆಗಲ ಬಳಿ, ಬೆನ್ನಿಗೆ ಹಲಸಿನ ಹಲಗೆ. ಬೆಲೆಯೋ ತಂದೆಯ ಅರ್ಧ ತಿಂಗಳ ಸಂಬಳ. “ಇಷ್ಟು ಹಣಕ್ಕೆ ನೆಟ್ಟಗಿರುವುದು ಸಿಗಲಿಲ್ಲವೇನಪ್ಪಾ?” ಎಂದು ಅವರು ಕೇಳಿದರೆ ಆ ಪ್ರಶ್ನೆ ಅನ್ಯಾಯದ್ದಲ್ಲ. ಆದರೆ ಅದರ ಉತ್ತರ ಕಣ್ಣಿಗೆ ದೊರೆಯುವಂತಹುದಲ್ಲ.

ವಿಚಿತ್ರ ರೂಪದ ವಾದ್ಯ ಕನ್ನಡನಾಡಿಗೆ ಹೊಸದೂ ಅಲ್ಲ. ಕಿನ್ನರಿ ಜೋಗಿಗಳು ಪಾಂಡವರ ಕಥೆಯನ್ನು ಹಾಡುತ್ತ ಊರೂರಿಗೆ ಹೊತ್ತು ತಂದ ಕಿನ್ನರಿಯನ್ನು ನೆನೆಯಬಹುದು: ಒಂದು ದಂಡ, ಅದರಡಿಯಲ್ಲಿ ಮೂರು ಸೋರೆಬುರುಡೆ, ಮೇಣದಲ್ಲಿ ಕೂರಿಸಿದ ಮೆಟ್ಟಿಲು. ನೋಡುವವರಿಗೆ ಅದು ಹಿತ್ತಲ ಚಪ್ಪರದ ತುಂಡಿನಂತೆ ಕಂಡೀತು. ಆದರೆ 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಅದರ ಲಕ್ಷಣವನ್ನು ಬರೆದಿಟ್ಟಿದ್ದಾನೆ.

ಗಿಟಾರಿನ ತವರಾದ ಸ್ಪೇನಿನಲ್ಲಿಯೂ ಇಂತಹ ಸಾಹಸ ನಡೆದುದುಂಟು. ಆಂಟೋನಿಯೊ ಡಿ ಟಾರೆಸ್ ಎಂಬ ಮಹಾಕುಶಲಿ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಿಂದಲೇ ಮಾಡಿ, ಮೇಲ್ಹಲಗೆಯನ್ನು ಮಾತ್ರ ಮರದಿಂದ ಮಾಡಿದನು. ನಾದದ ಜೀವ ಮೇಲ್ಹಲಗೆಯಲ್ಲಿದೆ ಎಂಬುದೇ ಅವನ ವಾದ. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ ಬೆನ್ನು ಪಕ್ಕಗಳ ಮರ ಮಾತ್ರ ಬೇರೆಯಾದ 6 ಗಿಟಾರುಗಳನ್ನು, ಮರವು ಕಣ್ಣಿಗೆ ಕಾಣದಂತೆ ಮಾಡಿ, 52 ವಾದಕರ ಕೈಗೆ ಕೊಟ್ಟರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕ ಹೆಚ್ಚುಕಡಿಮೆ ಒಂದೇ ಆಯಿತು.

ಹಾಗಾದರೆ ಪರೀಕ್ಷಿಸುವ ಬಗೆಯೆಂತು? ಮೊದಲನೆಯದು ಶ್ರುತಿ. ವೀಣೆಯ ಮೆಟ್ಟಿಲು ಮೇಣದಲ್ಲಿರುವುದರಿಂದ ತಪ್ಪಿದರೆ ಮೇಣ ಕರಗಿಸಿ ಸರಿಪಡಿಸಬಹುದು. ಗಿಟಾರಿನ ಮೆಟ್ಟಿಲು ಮರದ ಸೀಳಿನಲ್ಲಿ ಬಡಿದು ಕೂರಿಸಿದುದು. ಅಲ್ಲಿ ತಪ್ಪಿದರೆ ತಿದ್ದುವುದು ಬಲು ಕಷ್ಟ. ತಂತಿಯ ಮಿಡಿಯುವ ಉದ್ದ 650 ಮಿಲಿಮೀಟರಾದರೆ ಮೊದಲ ಮೆಟ್ಟಿಲು ಸುಮಾರು 36.5ರಲ್ಲಿ, 12ನೆಯದು 325ರಲ್ಲಿ ಬರಬೇಕು. ಅಳತೆಪಟ್ಟಿ ಇಲ್ಲದವನು 12ನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಒಮ್ಮೆ, ಒತ್ತಿ ಹಿಡಿದು ಒಮ್ಮೆ ಮೀಟಲಿ. ಎರಡು ಸ್ವರಗಳೂ ಒಂದೇ ಆಗದಿದ್ದರೆ ಎಂತಹ ಸುಂದರ ಕುಸುರಿಯೂ ವ್ಯರ್ಥ.

ಎರಡನೆಯದು ಬಲ. ಆರು ಉಕ್ಕಿನ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ. ಅದನ್ನು ತಾಳುವ ಮೇಲ್ಹಲಗೆಯ ದಪ್ಪ ಸುಮಾರು 3 ಮಿಲಿಮೀಟರು. ಆದುದರಿಂದ ನಾದರಂಧ್ರದೊಳಗೆ ಪುಟ್ಟ ಕನ್ನಡಿಯನ್ನೂ ದೀಪವನ್ನೂ ಇಳಿಸಿ, ಹಲಗೆಯಡಿಯ ಪಟ್ಟಿಗಳು ಬಿಗಿಯಾಗಿ ಅಂಟಿವೆಯೇ ಎಂದು ನೋಡಬೇಕು. ಕುದುರೆಯ ಹಿಂಬದಿ ಎದ್ದಿದ್ದರೆ ಹಣ ಕೊಡಬಾರದು. ಚಿತ್ರದುರ್ಗದ ಕಡೆಯ ಬೇಸಗೆಗೆ ಒಣಗದ ಮರ ಸೀಳದೆ ಉಳಿಯದು.

ಮೂರನೆಯದು ನಾದ. ಒಂದೊಂದು ತಂತಿಯ ಒಂದೊಂದು ಸ್ವರವನ್ನೂ ಮೆಲ್ಲಗೆ, ಬಳಿಕ ಜೋರಾಗಿ ಮೀಟಬೇಕು. ಒಂದು ಸ್ವರ ಗುಂಯ್ಗುಟ್ಟಿ ಪಕ್ಕದ್ದು ಸತ್ತಂತಿದ್ದರೆ ಅದು ದೋಷ. ಇನ್ನೊಬ್ಬರಿಂದ ನುಡಿಸಿ, ತಾನು ಬೆನ್ನು ತಿರುಗಿಸಿ ಕೋಣೆಯ ಮೂಲೆಯಲ್ಲಿ ನಿಂತು ಕೇಳುವುದು ಉತ್ತಮ. ಆಗ ರೂಪದ ಮೋಹವೂ ಇಲ್ಲ, ರೂಪದ ಜುಗುಪ್ಸೆಯೂ ಇಲ್ಲ.

ಈ ವಿವೇಕಕ್ಕೆ ಇನ್ನೊಂದು ಕಾರಣವೂ ಉಂಟು. ಲೋಕದ ಗಿಟಾರುಗಳ ಬೆನ್ನಿಗೆ ಬಹುಕಾಲದಿಂದ ಬೇಡಿಕೆಯಲ್ಲಿರುವುದು ದಕ್ಷಿಣ ಭಾರತದ ಕಾಡುಗಳ ಬೀಟೆ. 2017ರಲ್ಲಿ ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂದಿತು; ಸಿದ್ಧ ವಾದ್ಯಗಳಿಗೆ 2019ರಲ್ಲಿ ಸಡಿಲಿಕೆ ದೊರೆತರೂ ಮರಕ್ಕೆ ಕಟ್ಟುಪಾಡು ತಪ್ಪಲಿಲ್ಲ. ಹಲಸಿನಿಂದಲೋ ಬೇರೊಂದು ಮರದಿಂದಲೋ ನಾದ ಹೊರಡಿಸಬಲ್ಲ ಕೈ ಕಾಡಿಗೂ ಉಪಕಾರಿ. ಹೊಸತನವೆಂಬ ಒಂದೇ ಕಾರಣಕ್ಕೆ ಸೋತ ವಾದ್ಯವನ್ನು ಹೊಗಳಬೇಕಾಗಿಲ್ಲ. ಮೂರೂ ಪರೀಕ್ಷೆಗಳಲ್ಲಿ ಗೆದ್ದ ವಾದ್ಯವನ್ನು ಮಾತ್ರ, ಅದಕ್ಕೆ ಸೊಂಟವಿಲ್ಲವೆಂದು ಚೌಕಾಸಿ ಮಾಡದೆ, ಹೇಳಿದ ಬೆಲೆಗೇ ಕೊಳ್ಳುವುದು ಧರ್ಮ.