ಗೊಂಬೆಯ ಮೇಲೋ, ರೋಗಿಯ ಪಕ್ಕದಲ್ಲೋ?

ಪ್ರಶ್ನೆ: ನರ್ಸಿಂಗ್ ವಿದ್ಯಾರ್ಥಿಗಳ ವಾರ್ಡ್ ತರಬೇತಿಯ ಅರ್ಧದಷ್ಟನ್ನು ಕಾಲೇಜಿನ ಸಿಮ್ಯುಲೇಷನ್ ಲ್ಯಾಬ್‌ಗೆ ಬಿಟ್ಟುಕೊಡಬಹುದೇ?

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಜನ ಎದೆಯಲ್ಲಿ ಸಣ್ಣ ಚುಚ್ಚು ಕಾಣಿಸಿಕೊಂಡರೂ ಗಾಬರಿಯಾಗುತ್ತಿದ್ದರು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಬಂದವರ ಸಾಲು ಬೆಳೆಯುತ್ತಲೇ ಹೋಯಿತು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆಯೇನೂ ಇಲ್ಲವೆಂದು ವರದಿ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು.

ಆ ಗದ್ದಲದಲ್ಲಿ ಯಾರೂ ಹೆಚ್ಚು ಮಾತಾಡದ ವಿಷಯವೊಂದಿದೆ. ನಡುರಾತ್ರಿ ಅರಕಲಗೂಡಿನ ತಾಲ್ಲೂಕು ಆಸ್ಪತ್ರೆಗೆ ಎದೆ ಹಿಡಿದುಕೊಂಡು ಬಂದವರ ಮೈಗೆ ಮೊದಲು ಕೈಹಚ್ಚುವವರು ಸಾಮಾನ್ಯವಾಗಿ ಸ್ಟಾಫ್ ನರ್ಸ್. ಇಸಿಜಿಗೆ ಕೈಕಾಲಿಗೆ ನಾಲ್ಕು, ಎದೆಗೆ ಆರು ಎಲೆಕ್ಟ್ರೋಡ್ ಹಚ್ಚಬೇಕು. ಎದೆಯ ಮೇಲಿನದು ಒಂದು ಪಕ್ಕೆಲುಬಿನಷ್ಟು ಮೇಲೆ ಹೋದರೂ ಗೆರೆ ಬೇರೆಯಾಗಿ ಮೂಡಬಹುದು. ಆ ಕೈ ಪಳಗಬೇಕಾದದ್ದು ಎಲ್ಲಿ? ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು 8 ಸೆಮಿಸ್ಟರ್‌ಗಳಿಗೆ ಬದಲಿಸಿ ಸಿಮ್ಯುಲೇಷನ್‌ಗೆ ಜಾಗ ಮಾಡಿಕೊಟ್ಟ ಮೇಲೆ ಈ ಪ್ರಶ್ನೆಗೆ ಬಲ ಬಂದಿದೆ.

ಪರ

ಲ್ಯಾಬ್‌ನ ಪರ ಇರುವವರು ಮೊದಲು ಕೇಳುವುದು ರೋಗಿಯ ಪರವಾಗಿ. ಸರ್ಕಾರಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಬಡವರ ತೋಳು ವಿದ್ಯಾರ್ಥಿಯ ಮೊದಲ ಸೂಜಿಗೆ ಏಕೆ ಸಿಗಬೇಕು? ನಾಲ್ಕು ಸಲ ಚುಚ್ಚಿ ರಕ್ತನಾಳ ಹುಡುಕುವ ಕಲಿಕೆ ರಬ್ಬರ್ ತೋಳಿನ ಮೇಲೆಯೇ ಮುಗಿದಿರಲಿ.

ಇದು ನಿನ್ನೆ ಮೊನ್ನೆಯ ಯೋಚನೆಯೂ ಅಲ್ಲ. 1911ರಲ್ಲೇ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆ, ಮಾರ್ಥಾ ಚೇಸ್ ಎಂಬ ಗೊಂಬೆ ತಯಾರಕಿಯಿಂದ ಆಳೆತ್ತರದ ಗೊಂಬೆಯೊಂದನ್ನು ಮಾಡಿಸಿಕೊಂಡಿತ್ತು. ‘ಮಿಸೆಸ್ ಚೇಸ್’ ಎಂದೇ ಹೆಸರಾದ ಆ ಗೊಂಬೆಯನ್ನು ಹೊರಳಿಸಿ, ಮಲಗಿಸಿ, ಬಟ್ಟೆ ಬದಲಿಸಿ ವಿದ್ಯಾರ್ಥಿನಿಯರು ಶುಶ್ರೂಷೆ ಕಲಿತರು.

ಎರಡನೆಯ ಮಾತು ಇನ್ನೂ ಗಟ್ಟಿಯಾದದ್ದು. ಹೆರಿಗೆಯಾದ ಮೇಲೆ ರಕ್ತ ನಿಲ್ಲದ ತಾಯಿ, ಇದ್ದಕ್ಕಿದ್ದಂತೆ ಹೃದಯ ನಿಂತವರು – ಇಂಥ ಕೇಸ್ ವಾರ್ಡಿಗೆ ಬಂದಾಗ ವಿದ್ಯಾರ್ಥಿಯನ್ನು ಗೋಡೆ ಬದಿಗೆ ಸರಿಸುತ್ತಾರೆ, ಸರಿಸಲೇಬೇಕು. ಒಂದೇ ವಾರ್ಡಿಗೆ ಎರಡು ಮೂರು ಕಾಲೇಜುಗಳ ಹುಡುಗಿಯರು ಪೋಸ್ಟಿಂಗ್‌ಗೆ ಬರುವಲ್ಲಂತೂ ಹಿಂದಿನ ಸಾಲಿನವರಿಗೆ ಏನೂ ಕಾಣುವುದಿಲ್ಲ. ಲ್ಯಾಬ್‌ನಲ್ಲಿ ಅದೇ ತುರ್ತನ್ನು ಹತ್ತು ಸಲ ಒಡ್ಡಬಹುದು, ತಪ್ಪಿದ ಕಡೆ ನಿಲ್ಲಿಸಬಹುದು, ಮತ್ತೆ ಮೊದಲಿಂದ ಮಾಡಿಸಬಹುದು.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಅಮೆರಿಕದ ರಾಜ್ಯ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ನರ್ಸಿಂಗ್ ಶಾಲೆಗಳ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸಿಮ್ಯುಲೇಷನ್ ಹೆಸರಿಗಷ್ಟೇ, ಇನ್ನೊಂದಕ್ಕೆ ತರಬೇತಿ ಅವಧಿಯ ಶೇ 25, ಮತ್ತೊಂದಕ್ಕೆ ಶೇ 50. ಕೋರ್ಸ್ ಮುಗಿಸಿದವರು 666 ಮಂದಿ. ಜ್ಞಾನದಲ್ಲಾಗಲಿ, ಪರವಾನಗಿ ಪರೀಕ್ಷೆಯ ಫಲಿತಾಂಶದಲ್ಲಾಗಲಿ, ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳ ನಿರ್ವಹಣೆಯಲ್ಲಾಗಲಿ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದ ಮೇಲೆ ಹಾಸನದಲ್ಲಿ ಅರ್ಧ ಅವಧಿಯನ್ನು ಲ್ಯಾಬ್‌ಗೆ ಕೊಟ್ಟರೆ ಕಳೆದುಕೊಳ್ಳುವುದೇನು ಎಂಬುದು ಇವರ ಪ್ರಶ್ನೆ.

ವಿರೋಧ

ವಿರೋಧಿಸುವವರು ಹಿಡಿಯುವುದೂ ಅದೇ ಅಧ್ಯಯನವನ್ನೇ. ಅಲ್ಲಿ ಗೊಂಬೆಯ ಪಕ್ಕದಲ್ಲಿ ನಿಂತವರು ಸಿಮ್ಯುಲೇಷನ್ ಕಲಿಸುವುದಕ್ಕೆಂದೇ ತರಬೇತಿ ಪಡೆದ ಬೋಧಕರು. ಪ್ರತಿ ಅಭ್ಯಾಸದ ನಂತರ ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು, ಏಕೆ ಹಾಗೆ ಮಾಡಿದೆ, ಏನನ್ನು ಗಮನಿಸಲಿಲ್ಲ ಎಂದು ಬಿಡಿಸಿ ಮಾತಾಡಿಸುವ ‘ಡಿಬ್ರೀಫಿಂಗ್’ ಅದರ ಜೀವಾಳವಾಗಿತ್ತು. ಅದಿಲ್ಲದೆ ಅರ್ಧ ಅವಧಿಯನ್ನು ಮಾತ್ರ ಎರವಲು ತಂದರೆ ಫಲಿತಾಂಶವೂ ಬರುವುದೆಂದು ಆ ಅಧ್ಯಯನ ಹೇಳಿಲ್ಲ.

ನಮ್ಮಲ್ಲಿ 10 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ಎಂ.ಎಸ್ಸಿ. ಮುಗಿಸಿ ಆಗಷ್ಟೇ ಸೇರಿದ ಟ್ಯೂಟರ್ ಮೇಲೆ ತರಗತಿ, ಲಾಗ್‌ಬುಕ್ ತಿದ್ದುವುದು, ಹಾಸ್ಟೆಲ್ ಉಸ್ತುವಾರಿ, ಪರೀಕ್ಷಾ ಕೆಲಸ ಎಲ್ಲವನ್ನೂ ಹೇರಿದರೆ ಡಿಬ್ರೀಫಿಂಗ್‌ಗೆ ಕೂರುವುದು ಯಾವಾಗ? ಹೀಗಾದಲ್ಲಿ ದುಬಾರಿ ಗೊಂಬೆ ತಪಾಸಣೆಯ ದಿನ ಹೊರಬಂದು, ಮರುದಿನ ಬೀಗದೊಳಗೆ ಸೇರುತ್ತದೆ.

ಇನ್ನು ಗೊಂಬೆ ಕಲಿಸಲಾಗದ್ದು ಬಹಳವಿದೆ. ರಬ್ಬರ್ ಎದೆಯ ಮೇಲೆ ಎಲೆಕ್ಟ್ರೋಡಿನ ಜಾಗ ಕಲಿಯಬಹುದು, ನಿಜ. ಆದರೆ ಹೊಳೆನರಸೀಪುರದ ಹಳ್ಳಿಯಿಂದ ಬಂದ ಅಜ್ಜಿ ‘ಗ್ಯಾಸ್ಟ್ರಿಕ್ಕು ಕಣವ್ವ, ಒಂದ್ ಮಾತ್ರೆ ಕೊಡು ಸಾಕು’ ಎಂದು ಎದ್ದು ಹೊರಟಾಗ ಕೂರಿಸಿಕೊಳ್ಳುವುದು, ಪರದೆ ಎಳೆದು, ಸಂಕೋಚ ಕಳೆದು, ರವಿಕೆಯ ಗುಂಡಿ ಬಿಚ್ಚಿಸಿ ಇಸಿಜಿ ತೆಗೆಯುವುದು ಮನುಷ್ಯರ ನಡುವೆಯೇ ಬರಬೇಕಾದ ವಿದ್ಯೆ. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಹೃದ್ರೋಗ ಕೇಂದ್ರಕ್ಕೆ ಕಳಿಸಿ ಸಲಹೆ ಪಡೆಯುವ, ಬೇಕಾದಲ್ಲಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ 2023ರಲ್ಲಿ ಜಾರಿಗೆ ಬಂತು. ಅಜ್ಜಿ ಮಾತ್ರೆ ನುಂಗಿ ಮನೆಗೆ ಹೋದರೆ ಆ ಯೋಜನೆಯಿಂದ ಆಕೆಗೆ ಪ್ರಯೋಜನವಿಲ್ಲ.

ಊರಿನ ರೋಗಗಳೂ ಊರಿನ ಆಸ್ಪತ್ರೆಯಲ್ಲೇ ಸಿಗುತ್ತವೆ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪು ಬೆಳೆಯುವ ನೆಲ. ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯೇ ಇದೆ. ಮಳೆಗೋ ಇಬ್ಬನಿಗೋ ನೆನೆದ ಎಲೆ ಮುರಿಯುವವರಿಗೆ ನಿಕೋಟಿನ್ ಚರ್ಮದ ಮೂಲಕವೇ ಒಳಸೇರಿ ವಾಂತಿ, ತಲೆಸುತ್ತು ಬರುತ್ತದೆ. ‘ಯಾವ ಕೆಲಸಕ್ಕೆ ಹೋಗಿದ್ದೆ ತಾಯಿ?’ ಎಂದು ಕೇಳದ ನರ್ಸ್‌ಗೆ ಅದು ಬರೀ ವಾಂತಿ. ಚನ್ನರಾಯಪಟ್ಟಣದ ಕಡೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಅಪಘಾತ, ತೆಂಗಿನ ಮರದಿಂದ ಬಿದ್ದವರು. ಗದ್ದೆ ತೋಟವಿರುವಲ್ಲೆಲ್ಲ ಹಾವು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕೊಳಕುಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ಒಣಗಿದ ಸ್ವಚ್ಛ ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡುವ ಪರೀಕ್ಷೆಯಿದೆ. ದೊಡ್ಡ ಯಂತ್ರವೇನೂ ಬೇಡ. ಸುತ್ತ ಬಂಧುಗಳು ಅಳುತ್ತಿರುವಾಗ ಆ 20 ನಿಮಿಷ ತಾಳ್ಮೆಗೆಡದೆ ನಿಲ್ಲುವ ಮನಸ್ಸು ಬೇಕು.

ಹಾಗಾದರೆ ತೀರ್ಪು?

ಅರ್ಧ ಹೆಚ್ಚಾಯಿತು. ಅದೇ ಅಧ್ಯಯನದ ಮಧ್ಯದ ಗುಂಪಿಗೆ ಕೊಟ್ಟಂತೆ ಕಾಲುಭಾಗವನ್ನು ಲ್ಯಾಬ್‌ಗೆ ಕೊಡಬಹುದು. ಅದೂ ಬೋಧಕರಿಗೆ ಸಿಮ್ಯುಲೇಷನ್ ತರಬೇತಿ ಕೊಡಿಸಿದ ಮೇಲೆ, ಅವರ ವೇಳಾಪಟ್ಟಿಯಲ್ಲಿ ಡಿಬ್ರೀಫಿಂಗ್‌ಗೆ ಗಂಟೆ ಮೀಸಲಿಟ್ಟ ಮೇಲೆ. ಉಳಿದ ಅವಧಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಎಲ್ಲರೂ ಒತ್ತರಿಸಿ ನಿಲ್ಲಬೇಕಾಗಿಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿವೆ. ಅಲ್ಲಿನ ಅನುಭವಿ ಸ್ಟಾಫ್ ನರ್ಸ್‌ಗಳಿಗೆ ಕಲಿಸುವ ಹೊಣೆ ಕೊಡುವುದಾದರೆ ಗೌರವಧನವನ್ನೂ ಕೊಡಬೇಕು, ಆ ಹೊತ್ತಿಗೆ ರೋಗಿಗಳ ಹೊರೆಯನ್ನೂ ಇಳಿಸಬೇಕು. ಬರೀ ಹೊಣೆ ಹೊರಿಸುವುದು ಅನ್ಯಾಯ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದನ್ನು ಹಾಸನ ಜಿಲ್ಲೆಯಲ್ಲೇ ಒಂದು ವರ್ಷ ಪ್ರಯೋಗವಾಗಿ ನಡೆಸಿ, ಫಲಿತಾಂಶವನ್ನು ಅಳೆದು ನೋಡಲಿ.

ಈ ವರ್ಷ ಮಗಳನ್ನೋ ಮಗನನ್ನೋ ನರ್ಸಿಂಗ್‌ಗೆ ಸೇರಿಸಲು ಹೊರಟ ತಂದೆ ತಾಯಂದಿರು ಲ್ಯಾಬ್ ಖಂಡಿತ ನೋಡಿ ಬರಲಿ. ಜೊತೆಗೆ, ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ವಾರ್ಡಿನಲ್ಲಿ ಟ್ಯೂಟರ್ ಮಕ್ಕಳ ಜೊತೆಗಿರುತ್ತಾರೆಯೇ ಎಂದು ಕೇಳಿ, ಉತ್ತರ ಪಡೆದ ಮೇಲೆ ಶುಲ್ಕ ಕಟ್ಟಲಿ.