ಸಮ ಚಿಹ್ನೆಯ ಹಿಂದೆ ಕೂತ ಗುಮಾಸ್ತ



ಕಳೆದ ವಾರ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ‘ಆಬ್ಜೆಕ್ಟ್’ ಎಂದರೆ ಏನೆಂದು ನೋಡಿದೆವು. ಒಂದು ವಸ್ತುವಿಗೆ ಸೇರಿದ ವಿವರಗಳನ್ನೆಲ್ಲ ಒಟ್ಟಿಗೆ ಇಟ್ಟ ಕಟ್ಟು ಅದು. ಬ್ಯಾಂಕಿನ ಖಾತೆ ಒಂದು ಆಬ್ಜೆಕ್ಟ್ ಆದರೆ ಹೆಸರು, ವಿಳಾಸ, ಪಿನ್ ಕೋಡ್ ಇವೆಲ್ಲ ಅದರೊಳಗಿನ ಡಬ್ಬಿಗಳು. ಡಬ್ಬಿಗೆ ಏನಾದರೂ ಹಾಕಬೇಕಾದರೆ ನಡುವೆ ಚುಕ್ಕೆ ಇಟ್ಟು, ಸಮ ಚಿಹ್ನೆ ಹಾಕಿ ಬರೆಯುತ್ತೇವೆ:

ಖಾತೆ.ಪಿನ್ = 560004

ಪೈಥಾನ್ 3 ಎಂಬ ಭಾಷೆಯಲ್ಲಿ ಹೆಸರುಗಳನ್ನು ಹೀಗೆ ಕನ್ನಡದಲ್ಲೇ ಬರೆಯಬಹುದು ಎಂಬುದು ನೆನಪಿದೆ ತಾನೇ?

ಎಲ್ಲ ಸರಿ. ಆದರೆ ಯಾರೋ ಆತುರದಲ್ಲಿ ಒಂದು ಸೊನ್ನೆ ಬಿಟ್ಟು 56004 ಎಂದು ಬರೆದರೆ? ಬರಿಯ ಡಬ್ಬಿ ಅದನ್ನೂ ನುಂಗಿಕೊಂಡು ಸುಮ್ಮನಿರುತ್ತದೆ. ‘ಮಾವಿನಕಾಯಿ’ ಎಂದು ಬರೆದರೂ ನುಂಗುತ್ತದೆ. ತಪ್ಪು ಗೊತ್ತಾಗುವುದು ತಿಂಗಳ ಮೇಲೆ, ಅಂಚೆಯಲ್ಲಿ ಕಳಿಸಿದ ಚೆಕ್ ಪುಸ್ತಕ ಊರೆಲ್ಲ ಸುತ್ತಿ ವಾಪಸು ಬಂದಾಗ. ಅಷ್ಟರಲ್ಲಿ ತಪ್ಪು ಬರೆದವರು ಯಾರು, ಎಲ್ಲಿ ಬರೆದರು ಎಂದು ಹುಡುಕುವುದೇ ದೊಡ್ಡ ಕೆಲಸ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನ ಒಳಗಡೆ ಕೂತವನು. ಅರ್ಧ ಕಾಲವೆಲ್ಲ ದಪ್ಪ ಲೆಡ್ಜರುಗಳದು. ಆ ಲೆಡ್ಜರಿಗೆ ಹೊರಗಿನವರು ಯಾರೂ ಕೈ ಹಾಕುವಂತಿರಲಿಲ್ಲ. ಖಾತೆ ಅವರದೇ, ಹಣ ಅವರದೇ, ಆದರೂ ಪುಟ ತಿರುವಿ ಬರೆಯುವ ಹಾಗಿಲ್ಲ. ಅವರಿಗೆ ಇದ್ದದ್ದು ಎರಡೇ ದಾರಿ. ಒಂದು, ಕೇಳುವುದು, ಗುಮಾಸ್ತ ಲೆಡ್ಜರ್ ನೋಡಿ ಹೇಳುತ್ತಾನೆ. ಇನ್ನೊಂದು, ಚೀಟಿ ಬರೆದು ಕೊಡುವುದು. ಚೀಟಿ ಬಂದ ಮೇಲೆ ಗುಮಾಸ್ತ ತಾರೀಖು ನೋಡಬೇಕು, ಅಂಕಿಯಲ್ಲಿ ಬರೆದದ್ದೂ ಅಕ್ಷರದಲ್ಲಿ ಬರೆದದ್ದೂ ಒಂದೇ ಇದೆಯೇ ನೋಡಬೇಕು, ಸಹಿಯನ್ನು ಮಾದರಿ ಸಹಿಯ ಜೊತೆ ಹೋಲಿಸಬೇಕು. ಸರಿ ಇದ್ದರೆ ಬರೆಯುತ್ತಾನೆ. ಇಲ್ಲದಿದ್ದರೆ ಕಾರಣ ಹೇಳಿ ಚೀಟಿಯನ್ನು ವಾಪಸು ತಳ್ಳುತ್ತಾನೆ.

ಪ್ರೋಗ್ರಾಮಿನಲ್ಲೂ ಇಂಥ ಇಬ್ಬರು ಗುಮಾಸ್ತರನ್ನು ಕೂರಿಸಬಹುದು. ಕೇಳಿದಾಗ ಓದಿ ಹೇಳುವವನ ಹೆಸರು ‘ಗೆಟರ್’. ಕೊಟ್ಟದ್ದನ್ನು ಪರೀಕ್ಷಿಸಿ ಬರೆಯುವವನ ಹೆಸರು ‘ಸೆಟರ್’. ಸೊಗಸೇನೆಂದರೆ, ಹೊರಗಿನವರು ಬರೆಯುವ ಸಾಲು ಬದಲಾಗುವುದಿಲ್ಲ. ಈಗಲೂ ಖಾತೆ.ಪಿನ್ = 560004 ಎಂದೇ ಬರೆಯುವುದು. ಆದರೆ ಆ ಸಮ ಚಿಹ್ನೆಯ ಹಿಂದೆ ಈಗ ಒಬ್ಬ ಕೂತಿದ್ದಾನೆ. ಆರು ಅಂಕಿ ಇದೆಯೇ, ಮೊದಲನೆಯದು ಸೊನ್ನೆಯಲ್ಲ ತಾನೇ ಎಂದು ನೋಡಿ ಒಳಗೆ ಬಿಡುತ್ತಾನೆ. 56004 ಬಂದರೆ ಆ ಕ್ಷಣವೇ ‘ತಪ್ಪು’ ಎಂದು ಕೂಗುತ್ತಾನೆ.

ಇವರನ್ನು ಕೂರಿಸುವುದು ಹೇಗೆ? ಎರಡು ಪುಟ್ಟ ಫಂಕ್ಷನ್ ಬರೆದು ಭಾಷೆಯ ಕೈಗೆ ಒಪ್ಪಿಸುತ್ತೇವೆ. “ಈ ಹೆಸರನ್ನು ಯಾರಾದರೂ ಓದಿದರೆ ಇದನ್ನು ನಡೆಸು, ಬರೆದರೆ ಅದನ್ನು ನಡೆಸು.” ಆಮೇಲೆ ನಾವು ಅವನ್ನು ಕರೆಯಬೇಕಾಗಿಲ್ಲ, ಸಮಯ ಬಂದಾಗ ಭಾಷೆಯೇ ಕರೆಯುತ್ತದೆ. ಹೀಗೆ ಮೊದಲೇ ಒಪ್ಪಿಸಿಟ್ಟ ಫಂಕ್ಷನ್ನಿಗೆ ‘ಕಾಲ್‌ಬ್ಯಾಕ್’ ಎನ್ನುತ್ತಾರೆ. ಅಜ್ಜ ಅಜ್ಜಿಯರಿಗೆ ಇದು ಹೊಸದೇನಲ್ಲ. ಪ್ರತಿ ತಿಂಗಳು 5ರಂದು ಉಳಿತಾಯ ಖಾತೆಯಿಂದ ಆರ್‌ಡಿಗೆ ಹಣ ಹಾಕಿ ಎಂದು ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟು ಬರುತ್ತೀರಲ್ಲ, ಆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಇದ್ದ ಹಾಗೆ. ಪೈಥಾನಿನಲ್ಲಿ ಈ ಏರ್ಪಾಡಿಗೆ ‘ಪ್ರಾಪರ್ಟಿ’ ಎಂದು ಹೆಸರು; 2001ರಲ್ಲಿ ಬಂತು. ಜಾವಾಸ್ಕ್ರಿಪ್ಟ್ ಭಾಷೆಯ ಅಧಿಕೃತ ನಿಯಮಗಳಲ್ಲಿ 2009ರಲ್ಲಿ ಸೇರಿತು.

“ಬರೆಯುವವರೇ ಸರಿಯಾಗಿ ನೋಡಿ ಬರೆಯಬಾರದೇ?” ಎಂದು ಕೇಳಬಹುದು. ಒಂದು ಪ್ರೋಗ್ರಾಮಿನಲ್ಲಿ ಪಿನ್ ಬರೆಯುವ ಜಾಗ ಐವತ್ತು ಇದ್ದರೆ ನಲವತ್ತೊಂಬತ್ತು ಕಡೆ ನೋಡುತ್ತಾರೆ, ಒಂದು ಕಡೆ ಮರೆಯುತ್ತಾರೆ. ಕಾವಲು ಬಾಗಿಲಲ್ಲೇ ಇದ್ದರೆ ಮರೆಯುವ ಮಾತೇ ಇಲ್ಲ. ನಾಳೆ ನಿಯಮ ಬದಲಾದರೆ ತಿದ್ದುವುದೂ ಒಂದೇ ಕಡೆ. ಒಳಗಿನ ಏರ್ಪಾಡು ಹೊರಗಿನವರಿಗೆ ತಿಳಿಯಬೇಕಾಗಿಲ್ಲ ಎಂಬ ಈ ವಿಚಾರವನ್ನು ಡೇವಿಡ್ ಪಾರ್ನಾಸ್ ಎಂಬ ವಿಜ್ಞಾನಿ 1972ರಲ್ಲಿ ವಿವರವಾಗಿ ಬರೆದರು. ನಮ್ಮ ದೇಶಕ್ಕೆ ಪಿನ್ ಕೋಡ್ ಬಂದದ್ದೂ ಅದೇ ವರ್ಷದ ಆಗಸ್ಟ್ 15ರಂದು! ನಮ್ಮ ಶಾಖೆಯಲ್ಲಿ ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದ ಮೇಲೂ ಜನ ಅದೇ ಕಿಟಕಿಗೆ ಬಂದು ಅದೇ ಚೀಟಿ ಕೊಟ್ಟರು. ಒಳಗೆ ಎಲ್ಲ ಬದಲಾಗಿತ್ತು, ಕಿಟಕಿ ಬದಲಾಗಿರಲಿಲ್ಲ.

ಈ ಗುಮಾಸ್ತರು ಲೆಕ್ಕವನ್ನೂ ಮಾಡಬಲ್ಲರು. ಮನೆಯಲ್ಲಿ ಜ್ವರ ಬಂದರೆ ಅಜ್ಜಿ ‘ನೂರನಾಲ್ಕು’ ಎನ್ನುತ್ತಾರೆ. ಶಾಲೆಯ ಪುಸ್ತಕ 40 ಎನ್ನುತ್ತದೆ. ಎರಡೂ ಒಂದೇ. ಒಂದು ಫ್ಯಾರನ್‌ಹೀಟ್, ಇನ್ನೊಂದು ಸೆಲ್ಸಿಯಸ್. ‘ಜ್ವರ’ ಎಂಬ ಆಬ್ಜೆಕ್ಟಿನೊಳಗೆ ಸೆಲ್ಸಿಯಸ್ ಒಂದನ್ನೇ ಇಟ್ಟು, ಹೊರಗೆ ಎರಡು ಕಿಟಕಿ ತೆರೆಯೋಣ. ಅಜ್ಜಿ ಜ್ವರ.ಫ್ಯಾ = 104 ಎಂದು ಬರೆದರೆ ಸೆಟರ್ 104ರಿಂದ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ 40 ಎಂದು ಒಳಗಿಡುತ್ತಾನೆ. ಮೊಮ್ಮಗ ಜ್ವರ.ಸೆ ಎಂದು ಕೇಳಿದರೆ 40 ಸಿಗುತ್ತದೆ. ಯಾರಾದರೂ ಮರೆತು ಸೆಲ್ಸಿಯಸ್ ಕಿಟಕಿಯಲ್ಲಿ 104 ಕೊಟ್ಟರೆ? “ಅದು ಮನುಷ್ಯನ ಜ್ವರವಲ್ಲ, ಕುದಿಯುವ ನೀರಿಗಿಂತ ಬಿಸಿ” ಎಂದು ವಾಪಸು ಕಳಿಸುತ್ತಾನೆ.

ಇದು ಆಟದ ಮಾತಲ್ಲ. ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಮಂಗಳ ಗ್ರಹಕ್ಕೆ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆ ಕಳಿಸಿತು. ನೌಕೆಯ ಪುಟ್ಟ ಎಂಜಿನ್ನುಗಳು ಎಷ್ಟು ನೂಕಿದವು ಎಂಬ ಅಂಕಿಯನ್ನು ಭೂಮಿಯ ಮೇಲಿನ ಒಂದು ಪ್ರೋಗ್ರಾಮ್ ಪೌಂಡ್ ಅಳತೆಯಲ್ಲಿ ಕೊಟ್ಟಿತು. ಪಡೆದವರು ಅದನ್ನು ನ್ಯೂಟನ್ ಅಳತೆ ಎಂದುಕೊಂಡು ದಾರಿಯ ಲೆಕ್ಕ ಹಾಕಿದರು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಮಂಗಳದಿಂದ 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾದ ನೌಕೆ ಸುಮಾರು 57 ಕಿಲೋಮೀಟರಿಗೆ ಇಳಿದು, 1999ರ ಸೆಪ್ಟೆಂಬರ್ 23ರಂದು ಕೈತಪ್ಪಿತು. ಅಂಕಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ “ಇದು ಯಾವ ಅಳತೆ?” ಎಂದು ಕೇಳುವ ಕಿಟಕಿ ನಡುವೆ ಇರಲಿಲ್ಲ.

ಹಾಗೆಂದು ಎಲ್ಲ ಡಬ್ಬಿಗೂ ಸೆಟರ್ ಕೂರಿಸಬಾರದು. ವಯಸ್ಸನ್ನೇ ನೋಡಿ. ಹುಟ್ಟಿದ ತಾರೀಖು ಗೊತ್ತಿದ್ದರೆ ವಯಸ್ಸನ್ನು ಗೆಟರ್ ಲೆಕ್ಕ ಹಾಕಿ ಹೇಳುತ್ತಾನೆ. ಸೆಟರ್ ಇಲ್ಲ. ನಾನು ತಾತ.ವಯಸ್ಸು = 50 ಎಂದು ಎಷ್ಟು ಆಸೆಯಿಂದ ಬರೆದರೂ ಪೈಥಾನ್ ಒಪ್ಪುವುದಿಲ್ಲ! ಖಾತೆಯ ಶಿಲ್ಕೂ ಹಾಗೆಯೇ. ಶಿಲ್ಕನ್ನು ಯಾರೂ ತಮಗೆ ಬೇಕಾದಂತೆ ಬರೆಯುವುದಿಲ್ಲ. ಜಮೆ ಬರೆಯುತ್ತೇವೆ, ಖರ್ಚು ಬರೆಯುತ್ತೇವೆ. ಶಿಲ್ಕು ತಾನಾಗಿ ಬರುತ್ತದೆ. ಶಿಲ್ಕಿಗೆ ಸೆಟರ್ ಇಟ್ಟ ಬ್ಯಾಂಕಿನಲ್ಲಿ ನಾನಂತೂ ಒಂದು ರೂಪಾಯಿಯನ್ನೂ ಇಡುವುದಿಲ್ಲ.

ನೀವೇ ಬರೆದು ನೋಡುವ ಮಕ್ಕಳಿಗೆ ಎರಡು ಕಿವಿಮಾತು. ಮೊದಲನೆಯದು, ಸೆಟರಿನ ಒಳಗೆ ಮತ್ತೆ ಅದೇ ಪಿನ್ ಹೆಸರಿಗೆ ಬರೆಯಬೇಡಿ. ಗುಮಾಸ್ತ ಚೀಟಿ ಹಿಡಿದು ತನ್ನದೇ ಕಿಟಕಿಯ ಮುಂದೆ ಸಾಲು ನಿಂತಂತಾಗುತ್ತದೆ. ಸುತ್ತಿ ಸುತ್ತಿ ಪ್ರೋಗ್ರಾಮ್ ನಿಂತುಹೋಗುತ್ತದೆ. ಒಳಗಿನ ಡಬ್ಬಿಗೆ _ಪಿನ್ ಎಂದು ಮುಂದೆ ಒಂದು ಅಡಿಗೆರೆ ಹಾಕಿ ಬೇರೆ ಹೆಸರಿಡುವುದು ವಾಡಿಕೆ. ಪೈಥಾನಿನಲ್ಲಿ ಆ ಅಡಿಗೆರೆ ಬೀಗವಲ್ಲ, ‘ಸಿಬ್ಬಂದಿಗೆ ಮಾತ್ರ’ ಎಂಬ ಬೋರ್ಡು. ಎರಡನೆಯದು, ಗೆಟರ್ ಓದಿ ಹೇಳಬೇಕೇ ಹೊರತು ಏನನ್ನೂ ಬದಲಿಸಬಾರದು. ಶಿಲ್ಕು ಎಷ್ಟು ಎಂದು ಕೇಳಿದ್ದಕ್ಕೇ ಶಿಲ್ಕು ಕರಗಿದರೆ ಯಾರು ಸಹಿಸುತ್ತಾರೆ?

ಈ ವಾರದ ಲೆಕ್ಕವನ್ನು ಅಜ್ಜ ಅಜ್ಜಿ, ಮೊಮ್ಮಕ್ಕಳು ಕೂಡಿ ಮಾಡಬೇಕು. ಒಂದು ಸೈಟು ಇದೆ. ಸೈಟು.ಉದ್ದ = 40, ಸೈಟು.ಅಗಲ = 30. ಸೈಟು.ವಿಸ್ತೀರ್ಣ ಎಂದು ಕೇಳಿದರೆ ಗೆಟರ್ 1200 ಚದರಡಿ ಎನ್ನುತ್ತಾನೆ. ಈಗ ಯಾರೋ ಬಂದು ಸೈಟು.ವಿಸ್ತೀರ್ಣ = 2400 ಎಂದು ಬರೆದರು. ಗುಮಾಸ್ತ ಏನು ಮಾಡಬೇಕು? ಉದ್ದ ಹೆಚ್ಚಿಸಬೇಕೇ, ಅಗಲ ಹೆಚ್ಚಿಸಬೇಕೇ, ಚೀಟಿಯನ್ನು ವಾಪಸು ತಳ್ಳಬೇಕೇ? ನಿಮ್ಮ ಉತ್ತರ ಮತ್ತು ಕಾರಣ ಬರೆದಿಡಿ. ಮುಂದಿನ ವಾರ ಒಟ್ಟಿಗೆ ತಾಳೆ ನೋಡೋಣ.